ಸಿಂಹಗಡದ ಇಲಿಯೂ ಸಿಕ್ಕಿಮಿನ ಹಾವಸೆಯೂ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಉಪನ್ಯಾಸದಲ್ಲಿ ಪುಣೆಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಪ್ರಾಣಿಶಾಸ್ತ್ರವನ್ನಾಗಲಿ ಸಸ್ಯಶಾಸ್ತ್ರವನ್ನಾಗಲಿ ಕಲಿತು ಪದವಿ ಪಡೆದವನಲ್ಲ. ಮೂವತ್ತು ವರ್ಷ ದಫ್ತರದಲ್ಲಿ ಕಾರಕೂನಿಕೆ ಮಾಡಿ, ರಿಜಿಸ್ಟರುಗಳಲ್ಲಿ ಹೆಸರು ಬರೆದು, ಹೆಸರು ಹೊಡೆದು ಹಾಕಿ ಕೈ ಸವೆಸಿದವನು. ಹಾಗಿದ್ದೂ ಇಂದು ಒಂದು ಇಲಿಯನ್ನೂ ಒಂದು ಹಾವಸೆಯನ್ನೂ ಕುರಿತು ಮಾತನಾಡಲು ನಿಂತಿದ್ದೇನೆ. ಇದಕ್ಕೆ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯಕ್ಕೆ ಇಬ್ಬರು ಶತ್ರುಗಳು ಬಂದಿದ್ದರೆಂದು ಕಾರ್ಯದರ್ಶಿಗಳು ವಾರ್ಷಿಕ ಸಭೆಯಲ್ಲಿ ವರದಿ ಓದಿದ್ದು ನಿಮಗೆ ನೆನಪಿರಬಹುದು. ಒಂದು, ಹಿತ್ತಲ ಗೋಡೆಗೆ ಹಬ್ಬಿ ಕಪಾಟಿನವರೆಗೆ ತೇವ ತಂದ ಹಾವಸೆ. ಇನ್ನೊಂದು, ಹಳೆಯ ಮಾಸಪತ್ರಿಕೆಗಳ ಕಟ್ಟುಗಳ ಮೂಲೆಗಳನ್ನು ಕಡಿದುಹಾಕಿದ ಇಲಿ. ಗೋಡೆಗೆ ಸುಣ್ಣ, ಇಲಿಗೆ ಪಾಷಾಣ, ಎರಡಕ್ಕೂ ಹಣ ಮಂಜೂರಾಯಿತು. ನಾನೂ ಕೈ ಎತ್ತಿದೆ. ಅದರ ಮುಂದಿನ ಭಾನುವಾರ ನಾವು ಹದಿನೈದಿಪ್ಪತ್ತು ಮಂದಿ ಸಿಂಹಗಡಕ್ಕೆ ಹೋದೆವು. ಪಿಠಲ-ಭಾಕರಿ ಉಂಡು, ಮೊಸರು ಕುಡಿದು ಕುಳಿತಿದ್ದಾಗ ಒಂದು ಪೊದೆಯ ಬುಡದಲ್ಲಿ ಬಿಲ ಕಾಣಿಸಿತು. ಜೊತೆಗೆ ಬಂದಿದ್ದ ಹುಡುಗನೊಬ್ಬ ಅದರೊಳಗೆ ಕಲ್ಲು ತುರುಕುತ್ತ, "ಕಾಕಾ, ಇಲ್ಲಿಯ ಇಲಿಯೂ ನಮ್ಮ ವಾಚನಾಲಯದ ಇಲಿಯೂ ಒಂದೇನಾ?" ಎಂದು ಕೇಳಿದ. "ಇಲಿ ಎಂದರೆ ಇಲಿ, ಅದರಲ್ಲೇನು ಬೇರೆ?" ಎಂದು ಉತ್ತರ ಕೊಟ್ಟೆ.

ಮನೆಗೆ ಬಂದು ಪುಸ್ತಕ ತೆಗೆದು ನೋಡಿದಾಗ ನನ್ನ ಉತ್ತರ ತಪ್ಪೆಂದು ಗೊತ್ತಾಯಿತು. ಸಾಧಾರಣ ತಪ್ಪಲ್ಲ, ಒಂದು ಜೀವಿಯ ಉಳಿವು ಅಳಿವಿಗೆ ಸಂಬಂಧಪಟ್ಟ ತಪ್ಪು. ಆ ತಪ್ಪನ್ನು ಹತ್ತು ಜನರ ಎದುರಿಗೆ ತಿದ್ದಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ಹೆಸರುಗಳ ವಿಚಾರ. ನಮ್ಮ ಆಡುಮಾತಿನಲ್ಲಿ 'ಪಾಚಿ', 'ಹಾವಸೆ' ಎಂಬವು ದೊಡ್ಡ ಚೀಲಗಳಿದ್ದಂತೆ. ಕೆರೆಯ ನೀರಿನ ಮೇಲಣ ಹಸಿರು ಲೋಳೆ ಪಾಚಿ. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವುದು ಪಾಚಿ. ಮಳೆಗಾಲದಲ್ಲಿ ಹಂಚಿನ ಮೇಲೆ ಮಕಮಲ್ಲಿನಂತೆ ಹಾಸಿಕೊಳ್ಳುವುದೂ ಪಾಚಿಯೇ. ಪುಣೆಯವರ 'ಶೇವಾಳ'ವೂ ಅಂಥದೇ ಚೀಲ. ಶಾಸ್ತ್ರಜ್ಞರು ಇವುಗಳನ್ನು ಬೇರೆ ಮಾಡುತ್ತಾರೆ. ನೀರಿನ ಲೋಳೆ ಒಂದು ಗುಂಪು. ಹಂಚಿನ ಮೇಲಣ ಮಕಮಲ್ಲು ಇನ್ನೊಂದು ಗುಂಪು. ಅದಕ್ಕೆ ಪುಟ್ಟ ಕಾಂಡವುಂಟು, ಪುಟ್ಟ ಎಲೆಗಳುಂಟು, ಬೇರು ಮಾತ್ರ ಇಲ್ಲ. ಅದು ಮೈಯೆಲ್ಲ ಬಾಯಾಗಿ ನೀರು ಕುಡಿಯುತ್ತದೆ; ಹೂ ಬಿಡದೆ, ಬೀಜ ಕಟ್ಟದೆ, ಹುಡಿಯಂಥ ಬೀಜಾಣುಗಳಿಂದ ಹರಡುತ್ತದೆ. ಇಂದಿನ ಭಾಷಣದಲ್ಲಿ ಹಾವಸೆ ಎಂದಾಗಲೆಲ್ಲ ಇದನ್ನೇ ತಿಳಿದುಕೊಳ್ಳಿರಿ. ಇಂಥವು ಲೋಕದಲ್ಲಿ ಸುಮಾರು 12,000 ಬಗೆಯುಂಟು. ನಮ್ಮ ತಾಯಂದಿರು ಮಸಾಲೆಗೆ ಹಾಕುವ ಕಲ್ಲುಹೂವು ಇದಕ್ಕೆ ಸೇರಿದ್ದಲ್ಲ; ಅದು ಹೂವೂ ಅಲ್ಲ. ಒಂದು ಬಗೆಯ ಬೂಷ್ಟೂ ಒಂದು ಬಗೆಯ ಪಾಚಿಯೂ ಕೂಡಿ ನಡೆಸುವ ಪಾಲುದಾರಿಕೆಯ ಸಂಸಾರ ಅದು.

ಇಲಿಯ ವಿಷಯದಲ್ಲೂ ಹೀಗೆಯೇ. ಮೂಲೆಯಲ್ಲಿ ಚೀಂಕುಟ್ಟುತ್ತ ಓಡುವ ಸೊಂಡಿಲಿ ಹೆಸರಿಗೆ ಇಲಿ; ಶಾಸ್ತ್ರದ ಪ್ರಕಾರ ಅದು ಇಲಿಯ ನೆಂಟನೇ ಅಲ್ಲ, ಹುಳುಹುಪ್ಪಡಿ ತಿಂದು ಬದುಕುವ ಬೇರೆ ಬಳಗದ್ದು. ಮುಳ್ಳುಹಂದಿ ಹೆಸರಿಗೆ ಹಂದಿ. ನಿಜವಾಗಿ ಇಲಿಯ ದೊಡ್ಡ ಬಳಗದ್ದು. ಅಳಿಲೂ ಆ ಬಳಗದ್ದೇ. ಮೊಲವನ್ನು ಬಹು ಕಾಲ ಇದೇ ಬಳಗದಲ್ಲಿಟ್ಟಿದ್ದರು; 1912ರಲ್ಲಿ ಬೇರೆ ಮನೆ ಮಾಡಿಕೊಟ್ಟರು. ಈ ಬಳಗಕ್ಕೆ ದಂಶಕಗಳೆಂದು ಹೆಸರು. ಮೇಲೆರಡು ಕೆಳಗೆರಡು ಉಳಿಯಂಥ ಬಾಚಿಹಲ್ಲು, ಅವು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದು, ಇದೇ ಇವುಗಳ ಗುರುತು. ಬೆಳೆಯುವ ಹಲ್ಲನ್ನು ತೇಯದಿದ್ದರೆ ಇಲಿಗೆ ಬಾಳು ಕಠಿಣ. ನಮ್ಮ ಮಾಸಪತ್ರಿಕೆಗಳ ಮೂಲೆ ಹೋದದ್ದು ಸಾಹಿತ್ಯದ ಮೇಲಣ ದ್ವೇಷದಿಂದಲ್ಲ. ಲೋಕದಲ್ಲಿ ಹೆಸರು ಪಡೆದಿರುವ ಸಸ್ತನಿಗಳಲ್ಲಿ ನೂರಕ್ಕೆ ಸುಮಾರು 40 ಈ ದಂಶಕಗಳೇ.

ಹಾಗಾದರೆ ಶಾಸ್ತ್ರಜ್ಞರು ಇವುಗಳನ್ನು ಬೇರೆ ಬೇರೆಯಾಗಿ ಇಡುವುದು ಹೇಗೆ? ಊರಿಗೆ ಕಾಗದ ಬರೆಯುವ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಲಕೋಟೆಯ ಮೇಲೆ ಹೆಸರು, ಮನೆ, ಓಣಿ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಬರೆಯುತ್ತೇವಷ್ಟೆ. ಜೀವಿಗಳಿಗೂ ಅಂಥ ವಿಳಾಸವೊಂದಿದೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿದರೆ ಸಾಮ್ರಾಜ್ಯ, ವಿಭಾಗ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ, ಹೀಗೆ ಏಳು ಮೆಟ್ಟಿಲು. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1753ರಲ್ಲಿ ಗಿಡಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಕುಲನಾಮ ಒಂದು, ಪ್ರಭೇದನಾಮ ಒಂದು, ಹೀಗೆ ಜೋಡಿ ಹೆಸರಿಡುವ ಪದ್ಧತಿಯನ್ನು ನಿಲ್ಲಿಸಿದನು.

ಈಗ ನಮ್ಮ ಇಬ್ಬರ ವಿಳಾಸ ಓದೋಣ. ಇಲಿಯದು: ಪ್ರಾಣಿ ಸಾಮ್ರಾಜ್ಯ, ಕಾರ್ಡೇಟ ವಿಭಾಗ, ಸಸ್ತನಿ ವರ್ಗ, ದಂಶಕ ಗಣ, ಮ್ಯೂರಿಡೆ ಕುಟುಂಬ, ಮಿಲ್ಲಾರ್ಡಿಯ ಕುಲ, ಕೊಂಡಾಣ ಪ್ರಭೇದ. ಹಾವಸೆಯದು: ಸಸ್ಯ ಸಾಮ್ರಾಜ್ಯ, ಬ್ರಯೋಫೈಟ ವಿಭಾಗ, ಟಕಾಕಿಯಾಪ್ಸಿಡ ವರ್ಗ, ಟಕಾಕಿಯೇಲ್ಸ್ ಗಣ, ಟಕಾಕಿಯೇಸಿ ಕುಟುಂಬ, ಟಕಾಕಿಯ ಕುಲ, ಸೆರಟೊಫಿಲ ಪ್ರಭೇದ. ಇಲಿ ಪುಣೆಯ ಸಿಂಹಗಡದ್ದು. ಹಾವಸೆ ಸಿಕ್ಕಿಮಿನ ಹಿಮಾಲಯದ್ದು. ಸಾಮ್ರಾಜ್ಯದಲ್ಲಿಯೇ ಬೇರೆಯಾದ ಇವೆರಡನ್ನು ಒಂದು ತಕ್ಕಡಿಯಲ್ಲಿ ಏಕೆ ಹಾಕುತ್ತೀರಿ ಎಂದು ನೀವು ಕೇಳಬಹುದು. ಎರಡೂ ಬೆಟ್ಟದ ನೆತ್ತಿಯವು. ಎರಡೂ ನಮ್ಮ ದೇಶದವು. ಎರಡಕ್ಕೂ ಅಪಾಯ ಬಂದಿದೆ. ಎರಡರ ಹೆಸರೂ ದಾಖಲೆಯಲ್ಲಿ ಸರಿಯಾಗಿ ಏರಲು ಬಹಳ ದಿನ ಹಿಡಿಯಿತು. ತಕ್ಕಡಿಯಲ್ಲಿಟ್ಟ ಮೇಲೆ ಬೇರೊಂದು ಸಂಗತಿಯೂ ಹೊಳೆಯುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಾವಸೆಯ ಕಥೆ ಹೀಗಿದೆ. ಜೋಸೆಫ್ ಹೂಕರ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನು 1848ರಿಂದ 1850ರವರೆಗೆ ಸಿಕ್ಕಿಮಿನ ಪರ್ವತಗಳಲ್ಲಿ ತಿರುಗಿ ಗಿಡಗಳನ್ನು ಕೂಡಿಹಾಕಿದನು. ಅವನು ತಂದ ಪುಟ್ಟ ಹಸಿರು ಚೂರುಗಳನ್ನು ಪರೀಕ್ಷಿಸಿದವನು ವಿಲಿಯಂ ಮಿಟ್ಟನ್. ಈ ಮಿಟ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಹಳ್ಳಿಯೊಂದರಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದವನು. ಅಂಗಡಿಯ ವ್ಯಾಪಾರ ನಡೆಸುತ್ತಲೇ ಲೋಕದ ಹಾವಸೆಗಳಿಗೆ ಹೆಸರಿಟ್ಟನು. ಹೊಟ್ಟೆಪಾಡಿನ ಕೆಲಸ ಮಾಡುತ್ತ ಓದಿಕೊಳ್ಳುವ ನಮ್ಮಂಥವರು ನೆನೆಯಬೇಕಾದ ಮನುಷ್ಯ. 1861ರಲ್ಲಿ ಅವನು ಸಿಕ್ಕಿಮಿನ ಈ ಸಸ್ಯಕ್ಕೊಂದು ಹೆಸರಿಟ್ಟು, ಹಾವಸೆಯ ನೆರೆಯ ಗುಂಪಾದ ಲಿವರ್‌ವರ್ಟ್‌ಗಳಲ್ಲಿ ಸೇರಿಸಿದನು. ಎಲೆಗಳು ಬುಡದವರೆಗೆ ಸೀಳಿಕೊಂಡು ಬೆರಳುಗಳಂತೆ ಇದ್ದುದರಿಂದ ಹಾಗೆ ತೋರಿತು.

ಬಳಿಕ ತೊಂಬತ್ತು ವರ್ಷ ಯಾರೂ ಅದರ ಗೊಡವೆಗೆ ಹೋಗಲಿಲ್ಲ. 1951ರಲ್ಲಿ ಜಪಾನಿನ ಬೆಟ್ಟಗಳಲ್ಲಿ ತಕಾಕಿ ಎಂಬ ವಿದ್ವಾಂಸರಿಗೆ ಇಂಥದೇ ಸಸ್ಯ ಸಿಕ್ಕಿತು. ಇದು ಯಾವ ಗುಂಪಿನದೆಂದು ಅಲ್ಲಿಯ ಪಂಡಿತರಿಗೆ ಬಗೆಹರಿಯಲಿಲ್ಲ. 'ಇದೆಂಥದೋ ಹಾವಸೆ' ಎಂಬ ಅರ್ಥ ಬರುವ ತಮಾಷೆಯ ಹೆಸರು ಜಪಾನೀ ಭಾಷೆಯಲ್ಲಿ ಅದಕ್ಕೆ ನಿಂತಿತು. 1958ರಲ್ಲಿ ತಕಾಕಿಯವರ ಹೆಸರಿನಿಂದಲೇ ಟಕಾಕಿಯ ಎಂಬ ಹೊಸ ಕುಲ ಏರ್ಪಟ್ಟಿತು. 1963ರಲ್ಲಿ ಮಿಟ್ಟನ್ನನ ಸಿಕ್ಕಿಂ ಸಸ್ಯವೂ ಈ ಕುಲಕ್ಕೆ ಸೇರಿದ್ದೆಂದು ತಿಳಿದು, ಅದನ್ನು ಹಳೆಯ ಮನೆಯಿಂದ ಇಲ್ಲಿಗೆ ತಂದರು.

ಆದರೆ ಹಾವಸೆಯೋ ಲಿವರ್‌ವರ್ಟೋ ಎಂಬ ತಕರಾರು ಮುಗಿಯಲಿಲ್ಲ. ಅದನ್ನು ತೀರ್ಮಾನಿಸಬೇಕಾದ ಸಾಕ್ಷಿ ಎಂದರೆ ಬೀಜಾಣು ಪೆಟ್ಟಿಗೆ. ಅದನ್ನೇ ಯಾರೂ ಕಂಡಿರಲಿಲ್ಲ. ಉತ್ತರ ಶಾಂತಸಾಗರದ ಅಲ್ಯೂಷಿಯನ್ ದ್ವೀಪಗಳಲ್ಲಿ ಸೆರಟೊಫಿಲ ಪ್ರಭೇದದ ಗಿಡಗಳು ಬೀಜಾಣು ಪೆಟ್ಟಿಗೆಗಳೊಡನೆ ಸಿಕ್ಕವು. ಗಟ್ಟಿಯಾದ ಕಡ್ಡಿಯ ಮೇಲೆ ಪುಟ್ಟ ಪೆಟ್ಟಿಗೆ. ಅದು ತಿರುಚಿಕೊಂಡ ಒಂದೇ ಸೀಳಿನಿಂದ ಒಡೆಯುತ್ತದೆ. ಆ ಸಾಕ್ಷಿಯನ್ನು 1993ರಲ್ಲಿ ಪ್ರಕಟಿಸಿ, ಇದು ಹಾವಸೆಯೇ ಎಂದು ಸಾಧಿಸಿದರು. 1861ರಿಂದ 1993: ಒಂದು ಅರ್ಜಿ ವಿಲೇವಾರಿಯಾಗಲು 132 ವರ್ಷ! ಯಾವ ಸರಕಾರಿ ಕಚೇರಿಯೂ ಈ ದಾಖಲೆ ಮುರಿಯಲಾರದು.

ಇನ್ನು ಇಲಿಯ ಕಥೆ. ಪುಣೆಯಲ್ಲಿ 1952ರಲ್ಲಿ ವೈರಸ್ ಸಂಶೋಧನ ಕೇಂದ್ರವೊಂದು ಸ್ಥಾಪನೆಯಾಯಿತು. ಇಂದು ಅದು ರಾಷ್ಟ್ರೀಯ ವೈರಾಣು ಸಂಸ್ಥೆ. ನಮ್ಮ ನಾಡಿಗೆ ಅದರ ಋಣವುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನಕ್ಕೂ ಜ್ವರ ಹತ್ತಿದಾಗ, ಆ ಕಾಯಿಲೆಯ ಮೂಲವನ್ನು ಹುಡುಕಿದವರು ಈ ಕೇಂದ್ರದವರು. ಉಣ್ಣೆಹುಳುವಿನಿಂದ ಬರುವ ಜ್ವರ ಅದು. ಉಣ್ಣೆಗಳು ಕಾಡಿನ ಇಲಿಗಳ ಮೈಮೇಲೆಯೂ ಇರುವುದರಿಂದ, ಕಾಯಿಲೆ ಹುಡುಕುವವರಿಗೆ ಇಲಿಗಳನ್ನು ಗುರುತಿಸುವುದೂ ಕಲಿಯಬೇಕಾದ ವಿದ್ಯೆಯಾಯಿತು. ಅದೇ ಕೇಂದ್ರದ ಮಿಶ್ರ, ಧಂಡಾ ಎಂಬ ಇಬ್ಬರು ವಿಜ್ಞಾನಿಗಳು ಸಿಂಹಗಡದ ಇಲಿಗಳನ್ನು ಪರೀಕ್ಷಿಸಿ, ಇದು ಲೋಕಕ್ಕೆ ಗೊತ್ತಿಲ್ಲದ ಪ್ರಭೇದವೆಂದು 1975ರಲ್ಲಿ ಪ್ರಕಟಿಸಿದರು. ಸಿಂಹಗಡಕ್ಕೆ ಹಳೆಯ ಹೆಸರು ಕೊಂಡಾಣ; ಆದ್ದರಿಂದ ಇಲಿಗೂ ಕೊಂಡಾಣ ಎಂದೇ ಹೆಸರಾಯಿತು. 1670ರಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ ಇದು. ಅವನು ಗೋಡೆ ಏರುವುದಕ್ಕೆ ಉಡ ಸಹಾಯ ಮಾಡಿತೆಂಬ ಐತಿಹ್ಯವನ್ನು ಇಲ್ಲಿಯ ಮಕ್ಕಳೆಲ್ಲ ಬಲ್ಲರು. ಉಡದ ಕಥೆ ಎಲ್ಲರಿಗೂ ಗೊತ್ತು. ಅದೇ ಕೋಟೆಯ ಇಲಿಯ ಸುದ್ದಿ ನನ್ನಂಥ ಹಳೆಯ ಪುಣೆವಾಸಿಗೂ ಗೊತ್ತಿರಲಿಲ್ಲ.

ಕುಲನಾಮವಾದ ಮಿಲ್ಲಾರ್ಡಿಯ ಎಂಬುದಕ್ಕೂ ಒಂದು ಕಥೆಯಿದೆ. ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ್ ಎಂಬವರ ಗೌರವಾರ್ಥ 1911ರಲ್ಲಿ ಆ ಹೆಸರಿಟ್ಟರು. 1908ರಲ್ಲಿ ಕೊಂದ ಗುಬ್ಬಚ್ಚಿಯೊಂದನ್ನು ಕೈಯಲ್ಲಿ ಹಿಡಿದು, ಇದೇನೆಂದು ಕೇಳಲು ಬಂದ ಬಾಲಕ ಸಾಲಿಂ ಅಲಿಗೆ ಸಂಘದ ಹಕ್ಕಿಗಳ ಸಂಗ್ರಹವನ್ನು ತೆರೆದು ತೋರಿಸಿದವರು ಇವರೇ. ಹುಡುಗರ ಪ್ರಶ್ನೆಗೆ ಉತ್ತರ ಹೇಳುವುದಕ್ಕೂ ಒಂದು ರೀತಿಯುಂಟೆಂದು ಇದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು.

ಈ ಕುಲದಲ್ಲಿ ಇರುವುದು ನಾಲ್ಕೇ ಪ್ರಭೇದ. ಅವುಗಳಲ್ಲೊಂದು ನಮ್ಮ ಧಾರವಾಡ ಸೀಮೆಯ ಎರೆಹೊಲದ್ದು. ಅದರ ಸುದ್ದಿಯನ್ನು ಲೋಕಕ್ಕೆ ಹೇಳಿದವನು ವಾಲ್ಟರ್ ಎಲಿಯಟ್. ಈ ಹೆಸರು ಕಿತ್ತೂರಿನವರಿಗೆ ಹೊಸದಲ್ಲ. 1824ರ ಕಾಳಗದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಇವನೊಬ್ಬ. ಬಿಡುಗಡೆಯಾದ ಮೇಲೂ ಇವನು ಧಾರವಾಡದ ಕಡೆ ಕೆಲಸ ಮಾಡಿ, ಅಲ್ಲಿಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಅಚ್ಚು ಮಾಡಿಸಿದ. ಪ್ರತಿ ಪ್ರಾಣಿಗೂ ಜನರ ಬಾಯಲ್ಲಿದ್ದ ಹೆಸರನ್ನು ಕೇಳಿ ಬರೆದುಕೊಂಡದ್ದು ಇವನ ದೊಡ್ಡ ಗುಣ. ಈ ಇಲಿಯನ್ನು ವಡ್ಡರು 'ಮೆಟ್ಟಡೆ' ಎನ್ನುತ್ತಾರೆಂದು ಬರೆದ. ಮ್ಯೂಸಿಯಂ ಪಂಡಿತರ ಕೈಯಲ್ಲಿ ಒಂದಕ್ಷರ ಅತ್ತಿತ್ತಾಗಿ ಅದು 'ಮೆಲ್ಟಡ' ಎಂದು ನಿಂತಿತು. ಇಂದಿಗೂ ಲೋಕದ ಗ್ರಂಥಗಳಲ್ಲಿ ಅದು ಮಿಲ್ಲಾರ್ಡಿಯ ಮೆಲ್ಟಡ. ಕನ್ನಡಿಗರು 'ಗುಲಾಂದಿ' ಎಂದು ಹೇಳಿದ ಇನ್ನೊಂದು ಇಲಿಯಿಂದ 'ಗೋಲುಂಡ' ಎಂಬ ಕುಲನಾಮವೇ ಹುಟ್ಟಿತು. ಹೆಸರು ಬರೆದುಕೊಳ್ಳುವಾಗ ಅಕ್ಷರ ತಪ್ಪಿ, ಜನ್ಮವಿಡೀ ತಪ್ಪು ಹೆಸರಿನಿಂದ ಬಾಳುವುದು ನಮ್ಮ ರೇಶನ್ ಕಾರ್ಡಿನವರಿಗೆ ಮಾತ್ರವಲ್ಲ, ಇಲಿಗೂ ತಪ್ಪಿದ್ದಲ್ಲ.

ಎಲಿಯಟ್ ಮೆಟ್ಟಡೆಯ ಜೀವನವನ್ನೂ ವಿವರಿಸಿದ್ದಾನೆ. ಬೇಸಗೆಯಲ್ಲಿ ಎರೆಭೂಮಿ ಬಿರಿದು ಬಾಯಿಬಿಟ್ಟಾಗ ಆ ಬಿರುಕುಗಳಲ್ಲಿಯೇ ಇವು ಮನೆಮಾಡುವುವು. ಮಳೆ ಬಿದ್ದು ಬಿರುಕು ಮುಚ್ಚಿದಾಗ ಅಸಂಖ್ಯ ಇಲಿಗಳು ಒಳಗೇ ಸಾಯುವುವು. 1826ರಲ್ಲಿ ಮುಂಗಾರು ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಅವು ಬಿತ್ತಿದ ಬೀಜ ತಿಂದವು, ಜೋಳದ ದಂಟು ಏರಿ ತೆನೆ ಕತ್ತರಿಸಿದವು. ರೈತರು ಕಂದಾಯ ಕಟ್ಟಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರನ್ನು ಹಚ್ಚಿದರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲವಂತೆ.

ನೋಡಿರಿ, ಒಂದೇ ಕುಲದ ಅಣ್ಣತಮ್ಮಂದಿರು. ಒಬ್ಬನನ್ನು ಸಾವಿರಗಟ್ಟಲೆ ಕೊಂದರೂ ಬಳಗ ಕರಗಲಿಲ್ಲ. ಇನ್ನೊಬ್ಬನೋ? ಭಾರತ ಸರಕಾರದ ಪರಿಸರ ಮತ್ತು ಅರಣ್ಯ ಸಚಿವಾಲಯ 2011ರಲ್ಲಿ ಹೊರತಂದ ಪುಸ್ತಿಕೆಯೊಂದರಲ್ಲಿ ನಮ್ಮ ದೇಶದ ಅತಿ ತೀವ್ರ ಅಪಾಯದ ಪ್ರಾಣಿಗಳ ಪಟ್ಟಿಯಿದೆ. ಅದರಲ್ಲಿ ಕೊಂಡಾಣ ಇಲಿಯ ಹೆಸರಿದೆ. ಅದರ ನೆಲೆ ಸಮುದ್ರಮಟ್ಟದಿಂದ ಸುಮಾರು 1,270 ಮೀಟರ್ ಎತ್ತರದಲ್ಲಿ, ಸುಮಾರು ಒಂದು ಚದರ ಕಿಲೋಮೀಟರ್ ವಿಸ್ತಾರದ ಸಿಂಹಗಡದ ನೆತ್ತಿ ಎಂದು ಬರೆದಿದೆ. ಒಂದು ಚದರ ಕಿಲೋಮೀಟರ್! ನಮ್ಮಲ್ಲಿ ಕೆಲವರು ಕೆಲಸ ಮಾಡುವ ಕಾರಖಾನೆಯ ಆವರಣವೇ ಅಷ್ಟಿದ್ದೀತು. ಅದರ ಮೇಲೆ ದನಕರು ಮೇಯುತ್ತವೆ. ಭಾನುವಾರದ ಜನಜಾತ್ರೆ ನೆರೆಯುತ್ತದೆ. ಕಟ್ಟಡ, ರಸ್ತೆ, ಕಸ ಎಲ್ಲ ಬರುತ್ತವೆ. ಹುಲ್ಲೂ ಪೊದೆಯೂ ಹೋದರೆ ಬಿಲಕ್ಕೆ ಜಾಗವೆಲ್ಲಿ? ಅಂದು ಹುಡುಗನ ಕೈಯಲ್ಲಿದ್ದ ಕಲ್ಲು ಎಂಥದೆಂದು ಈಗ ನಿಮಗೆ ತಿಳಿಯಿತು. ಆ ಬಿಲ ಅದೇ ಇಲಿಯದೆಂದು ನಾನು ಆಣೆಯಿಟ್ಟು ಹೇಳಲಾರೆ. ಅಲ್ಲವೆಂದು ಹೇಳುವ ಅಧಿಕಾರವಂತೂ ನನಗಿರಲಿಲ್ಲ.

ಅಪಾಯದ ಮೆಟ್ಟಿಲುಗಳನ್ನು ಗೊತ್ತುಮಾಡುವುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವೊಂದು 1948ರಲ್ಲಿ ಸ್ಥಾಪನೆಯಾಯಿತು. 1964ರಿಂದ ಅದು 'ಕೆಂಪು ಪಟ್ಟಿ'ಯನ್ನು ಇಡುತ್ತ ಬಂದಿದೆ. ಸದ್ಯಕ್ಕೆ ಚಿಂತೆಯಿಲ್ಲದವು ಕೆಳಗೆ, ಅಪಾಯಕ್ಕೆ ಪಕ್ಕಾಗಬಲ್ಲವು, ಅಪಾಯದಲ್ಲಿರುವವು, ಅತಿ ತೀವ್ರ ಅಪಾಯದವು ಒಂದರ ಮೇಲೊಂದು, ಕೊನೆಗೆ ಅಳಿದುಹೋದವು. ಜೀವಿ ಹರಡಿಕೊಂಡ ಸೀಮೆ ಎಷ್ಟು, ಅದು ಕುಗ್ಗುತ್ತಿದೆಯೆ, ಸಂಖ್ಯೆ ಎಷ್ಟು ವೇಗವಾಗಿ ಇಳಿಯುತ್ತಿದೆ, ಇವೇ ಪರೀಕ್ಷೆಗಳು. ಹರಡಿಕೊಂಡ ಸೀಮೆ 20,000 ಚದರ ಕಿಲೋಮೀಟರಿಗಿಂತ ಕಡಿಮೆಯಾಗಿ ಕ್ಷೀಣಿಸುತ್ತ ಬಂದರೆ ಮೊದಲ ಅಪಾಯದ ಮೆಟ್ಟಿಲು. 5,000ಕ್ಕಿಂತ ಕಡಿಮೆಯಾದರೆ ಎರಡನೆಯದು. 100ಕ್ಕಿಂತ ಕಡಿಮೆಯಾದರೆ ಮೂರನೆಯದು. ಸೀಮೆಯೊಂದೇ ಸಾಲದು, ಬೇರೆ ಲಕ್ಷಣಗಳೂ ಕೂಡಬೇಕು, ಸ್ಥೂಲವಾಗಿ ಹೀಗೆ.

ನಮ್ಮ ಸಿಕ್ಕಿಮಿನ ಹಾವಸೆ 2000ದಲ್ಲಿ ಪ್ರಕಟವಾದ ಲೋಕದ ಹಾವಸೆಗಳ ಕೆಂಪು ಪಟ್ಟಿಯಲ್ಲಿ ಮೊದಲ ಮೆಟ್ಟಿಲಲ್ಲಿ, ಎಂದರೆ ಅಪಾಯಕ್ಕೆ ಪಕ್ಕಾಗಬಲ್ಲವುಗಳಲ್ಲಿ, ಬಂದಿತು. ಇಲಿಯದು ಅದಕ್ಕಿಂತ ಮೇಲಿನ ಮೆಟ್ಟಿಲು. ಕೇವಲ ಮೆಟ್ಟಿಲು ನೋಡಿದರೆ, ಇಲಿಯ ಪ್ರಾಣ ಕುತ್ತಿಗೆಗೆ ಬಂದಿದೆ, ಹಾವಸೆ ಇನ್ನೂ ಉಸಿರಾಡುತ್ತಿದೆ ಎನ್ನಬೇಕು. ಅದು ನಿಜವೂ ಹೌದು. ಹಾವಸೆ ಹಿಮಾಲಯದಿಂದ ಅಲ್ಯೂಷಿಯನ್ ದ್ವೀಪಗಳವರೆಗೆ ಅಲ್ಲೊಂದು ಇಲ್ಲೊಂದು ತುಣುಕಾಗಿಯಾದರೂ ಉಂಟು. ಇಲಿಗೆ ಅಷ್ಟು ದೊಡ್ಡ ಲೋಕವಿಲ್ಲ.

ಈಗ ವಿಳಾಸದ ಲಕೋಟೆಯನ್ನು ಮತ್ತೆ ತೆಗೆಯಿರಿ. ಇಲಿಯ ಕುಟುಂಬವಾದ ಮ್ಯೂರಿಡೆಯಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರ ಕುಲದಲ್ಲಿ ಇನ್ನೂ ಮೂವರು ಒಡಹುಟ್ಟಿದವರಿದ್ದಾರೆ. ಕೊಂಡಾಣ ಇಲಿ ಹೋದರೆ ತುಂಬಿದ ಮನೆಯಲ್ಲಿ ಒಬ್ಬ ಹೋದ ದುಃಖ. ಹಾವಸೆಯ ಲಕೋಟೆಯಲ್ಲಿ ಟಕಾಕಿಯ ಎಂಬ ಹೆಸರು ವರ್ಗದಿಂದ ಕುಲದವರೆಗೆ ನಾಲ್ಕು ಸಾಲುಗಳಲ್ಲಿಯೂ ಬಂದುದನ್ನು ಗಮನಿಸಿದಿರಾ? ಆ ಇಡೀ ವರ್ಗದಲ್ಲಿ ಒಂದೇ ಗಣ, ಆ ಗಣದಲ್ಲಿ ಒಂದೇ ಕುಟುಂಬ, ಆ ಕುಟುಂಬದಲ್ಲಿ ಒಂದೇ ಕುಲ, ಆ ಕುಲದಲ್ಲಿ ಎರಡೇ ಪ್ರಭೇದ. ಇಲಿ, ಹುಲಿ, ಆನೆ, ತಿಮಿಂಗಿಲ, ನೀವು, ನಾನು ಎಲ್ಲ ಸೇರಿ ಸಸ್ತನಿಗಳೆಂಬ ಒಂದು ವರ್ಗ. ಅಂಥ ಒಂದು ವರ್ಗದ ಪೂರ್ತಿ ಭಾರವನ್ನು ಅಲ್ಲಿ ಎರಡು ಪುಟ್ಟ ಹಾವಸೆಗಳು ಹೊತ್ತು ನಿಂತಿವೆ. ಅವೆರಡೂ ಹೋದರೆ ಮನೆತನವೇ ಮುಗಿಯಿತು, ದೀಪ ಹಚ್ಚುವವರಿಲ್ಲ.

ಆ ಮನೆತನ ಎಷ್ಟು ಹಳೆಯದು? ಟಕಾಕಿಯ ಸುಮಾರು 39 ಕೋಟಿ ವರ್ಷಗಳಿಂದ ನಡೆದುಬಂದ ವಂಶವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಹಿಮಾಲಯ ಹುಟ್ಟುವುದಕ್ಕೆ ಬಹು ಮೊದಲೇ ಇದ್ದ ವಂಶ. ನೆಲವೇ ಮೇಲೆದ್ದು ಪರ್ವತವಾದಾಗ ಅದರೊಡನೆ ಏರಿ, ಕಠಿಣ ಬಿಸಿಲಿಗೂ ಹಿಮಕ್ಕೂ ಮೈ ಒಗ್ಗಿಸಿಕೊಂಡಿತು. ಆ ಸಂಶೋಧಕರು 2010ರಿಂದ 2021ರವರೆಗೆ 18 ಸಲ ಟಿಬೆಟಿನಲ್ಲಿ 4,000 ಮೀಟರಿಗೂ ಎತ್ತರದ ಜಾಗಕ್ಕೆ ಹತ್ತಿ, ಕುಲದ ಇನ್ನೊಂದು ಪ್ರಭೇದವನ್ನು ನೋಡಿಕೊಂಡು ಬಂದರು. ಅದು ವರ್ಷಕ್ಕೆ ನೂರಕ್ಕೆ ಸುಮಾರು 1.6ರಂತೆ ಕಡಿಮೆಯಾಗುತ್ತಿತ್ತು. ಹವೆ ಬಿಸಿಯಾಗುತ್ತಿರುವುದೇ ಕಾರಣವೆಂದು ಅವರ ಅಭಿಪ್ರಾಯ. ಕೋಟಿಗಟ್ಟಲೆ ವರ್ಷಗಳಲ್ಲಿ ನಿಧಾನವಾಗಿ ಬಂದ ಬದಲಾವಣೆಯನ್ನು ತಾಳಿಕೊಂಡ ಸಸ್ಯ, ಹತ್ತಾರು ವರ್ಷಗಳಲ್ಲಿ ಓಡಿಬಂದದ್ದನ್ನು ತಾಳಲಾರದೆ ಇದೆ. ಬೆಟ್ಟದ ನೆತ್ತಿಯಲ್ಲಿರುವವನಿಗೆ ಅದಕ್ಕಿಂತ ಮೇಲೆ ಹೋಗಲು ಜಾಗವಿಲ್ಲ; ಈ ಮಾತು ಇಲಿಗೂ ಹಾವಸೆಗೂ ಸಮನಾಗಿ ಸಲ್ಲುತ್ತದೆ.

ಆಗಲೇ ಹೇಳುತ್ತೇನೆಂದ ಸಂಗತಿ ಇದು. ಜೀವಿಗಳ ವಿಷಯದಲ್ಲಿ ಎರಡು ಲೆಕ್ಕದ ಪುಸ್ತಕಗಳು ಬೇಕು. ಒಂದು, ಅಳಿವಿಗೆ ಎಷ್ಟು ಹತ್ತಿರ ಎಂಬ ಪುಸ್ತಕ. ಇನ್ನೊಂದು, ಅಳಿದರೆ ನಷ್ಟವೆಷ್ಟು ಎಂಬ ಪುಸ್ತಕ. ಕೆಂಪು ಪಟ್ಟಿಯ ಮೆಟ್ಟಿಲು ಮೊದಲನೆಯ ಪುಸ್ತಕ. ವಿಳಾಸದ ಲಕೋಟೆ ಎರಡನೆಯದು. ಮೊದಲನೆಯದರಲ್ಲಿ ಇಲಿಯ ಬಾಕಿ ದೊಡ್ಡದು, ಎರಡನೆಯದರಲ್ಲಿ ಹಾವಸೆಯದು. ಒಂದೇ ಪುಸ್ತಕ ನೋಡಿ ಇನ್ನೊಬ್ಬನನ್ನು ಮರೆತರೆ ಲೆಕ್ಕ ತಾಳೆಯಾಗುವುದಿಲ್ಲ. ಇದು ಕಾರಕೂನನ ಮಾತು. ನೀವು ಒಪ್ಪುವಿರೆಂದು ನಂಬುತ್ತೇನೆ.

ಮೂರನೆಯ ಪುಸ್ತಕವೂ ಒಂದುಂಟು: ಕಾನೂನಿನದು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. ಅದರ ಐದನೆಯ ಅನುಸೂಚಿ ಪೀಡೆಯ ಪ್ರಾಣಿಗಳದು, ಅವಕ್ಕೆ ರಕ್ಷಣೆಯಿಲ್ಲ. ಅದರಲ್ಲಿ ಕಾಗೆ, ಚಿಟ್ಟಿಲಿಗಳ ಜೊತೆಗೆ 'ಇಲಿಗಳು' ಎಂದು ಒಂದೇ ಪದ ಬರೆದಿತ್ತು. ಮನೆಯ ಇಲಿ, ಹೊಲದ ಮೆಟ್ಟಡೆ, ಗಡದ ಕೊಂಡಾಣ ಎಂದು ಬಿಡಿಸಿ ಬರೆದಿರಲಿಲ್ಲ. ಆ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅಲ್ಲಿಯವರೆಗೆ, ಒಂದು ಸರಕಾರಿ ಪುಸ್ತಿಕೆ ಯಾವ ಜೀವಿಯನ್ನು ಉಳಿಸಬೇಕೆಂದು ಬರೆಯಿತೋ ಅದರ ಮೇಲೆ ಇನ್ನೊಂದು ಸರಕಾರಿ ಪಟ್ಟಿಯ 'ಪೀಡೆ' ಎಂಬ ಪದದ ನೆರಳು ಬಿದ್ದಿತ್ತು. ಗಿಡಗಳಿಗಾಗಿ ಅದೇ ಕಾಯಿದೆಗೆ 1991ರಲ್ಲಿ ಕೂಡಿಸಿದ ಆರನೆಯ ಅನುಸೂಚಿಯಲ್ಲಿ ಇದ್ದದ್ದು ಆರೇ ಹೆಸರು. ಹಾವಸೆ ಒಂದೂ ಇರಲಿಲ್ಲ. ಇಲಿಗೆ ತಪ್ಪು ಪಟ್ಟಿಯಲ್ಲಿ ಹೆಸರು. ಹಾವಸೆಗೆ ಹೆಸರೇ ಇಲ್ಲ. ಪರಊರಿಗೆ ಬಂದು, ಯಾವ ಮಸ್ಟರಿನಲ್ಲಿಯೂ ಹೆಸರಿಲ್ಲದೆ ಕೆಲಸ ಮಾಡಿದ ದಿನಗಳನ್ನು ಕಂಡವರು ಈ ಸಭೆಯಲ್ಲಿ ಅನೇಕರಿದ್ದಾರೆ. ಹೆಸರು ಬರೆಯದಿದ್ದರೆ ಏನಾಗುತ್ತದೆಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ವಾಚನಾಲಯದ ಇಲಿಯನ್ನು ಸಾಕಿರೆಂದು ನಾನು ಹೇಳುತ್ತಿಲ್ಲ. ಅದು ಮನೆಯ ಇಲಿ, ಲೋಕವೆಲ್ಲ ತುಂಬಿಕೊಂಡಿದೆ, ಅದಕ್ಕೆ ಬೋನು ಇಡಿರಿ, ಗೋಡೆಗೆ ಸುಣ್ಣ ಹೊಡೆಯಿರಿ, ಪುಸ್ತಕ ಉಳಿಯಲಿ. ಮಂಜೂರು ಮಾಡಿದ ಹಣ ಹಿಂದಕ್ಕೆ ಪಡೆಯುವುದು ಬೇಡ. ನನ್ನ ಬಿನ್ನಹ ಎರಡೇ.

ಒಂದು: ಸಿಂಹಗಡಕ್ಕೆ ಹೋದಾಗ ಬಿಲಕ್ಕೆ ಕಲ್ಲು ತುರುಕಬಾರದು, ಪೊದೆಗೆ ಬೆಂಕಿ ಹಚ್ಚಬಾರದು, ಉಂಡ ಎಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಅಲ್ಲಿ ಬಿಟ್ಟು ಬರಬಾರದು. ಕಸವಿದ್ದಲ್ಲಿಗೆ ಊರಿನ ಇಲಿ ಏರಿ ಬರುತ್ತದೆ. ಗಡದ ಇಲಿಗೆ ಅದೊಂದು ಹೊಸ ಕಂಟಕ.

ಎರಡು: ಎಲಿಯಟ್ ಬರೆದುಕೊಂಡ ಮೆಟ್ಟಡೆ, ಗುಲಾಂದಿ ಎಂಬ ಮಾತುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ನಾನೇ ಧಾರವಾಡ ಜಿಲ್ಲೆಯವನು, ನನಗೆ ಗೊತ್ತಿರಲಿಲ್ಲ. ಹೊಲ ಉತ್ತವರು, ಮಣ್ಣು ಅಗೆದವರು ನಾಲ್ಕು ಇಲಿಗೆ ನಾಲ್ಕು ಹೆಸರು ಬಲ್ಲವರಾಗಿದ್ದರು. ಪೇಟೆಗೆ ಬಂದ ನಾವು 'ಇಲಿ ಎಂದರೆ ಇಲಿ' ಎನ್ನುವವರಾದೆವು. ಹೆಸರು ಮರೆತವನಿಗೆ ಭೇದ ಕಾಣದು. ಭೇದ ಕಾಣದವನು ಯಾವುದು ಹೋಯಿತೆಂದೂ ಅರಿಯನು. ಆದ್ದರಿಂದ ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ಖಾಲಿ ವಹಿ ಇಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಿಮ್ಮ ಊರಿನಲ್ಲಿ ಯಾವ ಇಲಿಗೆ ಏನನ್ನುತ್ತಿದ್ದರು, ಅದು ಎಲ್ಲಿ ಇರುತ್ತಿತ್ತು, ಏನು ತಿನ್ನುತ್ತಿತ್ತು. ಹಾವಸೆ, ಪಾಚಿ, ಕಲ್ಲುಹೂವುಗಳಿಗೆ ಏನೇನು ಹೆಸರಿತ್ತು, ಊರಿನ ಹೆಸರು ಸಹಿತ ಅದರಲ್ಲಿ ಬರೆಯಿರಿ. ಬರೆಯಲು ಬಾರದ ಹಿರಿಯರು ಹೇಳಲಿ, ಹುಡುಗರು ಬರೆದುಕೊಳ್ಳಲಿ. ಅಕ್ಷರ ಮಾತ್ರ ತಪ್ಪಬಾರದು. ಮೆಟ್ಟಡೆಯ ಗತಿ ನೋಡಿದ್ದೇವಷ್ಟೆ.

ಅಂದು ಪ್ರಶ್ನೆ ಕೇಳಿದ ಹುಡುಗ ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅಪ್ಪಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು: ಎರಡೂ ಇಲಿ ಒಂದೇ ಅಲ್ಲ. ವಹಿಯ ಮೊದಲ ಪುಟದಲ್ಲಿ ಮೊದಲ ಹೆಸರನ್ನು ನೀನೇ ಬರೆ.